ಕಿವಿಯ ಪಾಲು

ಅಲ್ಮಾ-ಅತಾ
ಮೇ 20, 1979

ಅವ್ವನಿಗೆ,

ನಿಮ್ಮ ಸೊಸೆ ಕನಿಪಾ ಮಾಡುವ ಸಲಾಂ. ಅಪ್ಪನವರಿಗೂ ತಿಳಿಸಿ. ಈ ಕಾಗದ ಕೈಸೇರುವ ಹೊತ್ತಿಗೆ ನೀವು ಚಳಿಗಾಲದ ಮನೆಗೆ ಬೀಗ ಹಾಕಿ, ಗುಡಾರ ಬಿಚ್ಚಿ ಒಂಟೆಗೆ ಹೇರಿ, ಮಂದೆಯ ಜೊತೆ ಗುಡ್ಡ ಹತ್ತುತ್ತಿರುತ್ತೀರಿ. ಈ ಸಲ ಚಳಿ ಬಿಟ್ಟುಹೋಗುವುದಕ್ಕೇ ಸತಾಯಿಸುತ್ತಿದೆಯಂತೆ. ಹೊಳೆ ದಾಟುವಾಗ ಜೋಪಾನ.

ನಿಮ್ಮ ಮಗ ತೈಲಬಾವಿಯಿಂದ ಬರೆದಿದ್ದಾರೆ. ಆಗಸ್ಟಿನಲ್ಲಿ ರಜೆ ಸಿಗುತ್ತದಂತೆ. ಅಲ್ಲಿ ಗಾಳಿಯಲ್ಲೂ ಮರಳು, ಸಾರಲ್ಲೂ ಮರಳು ಎಂದು ದೂರಿದ್ದಾರೆ. ಒಂದು ಸಂತೋಷದ ಸುದ್ದಿಯನ್ನು ಅವರಿಗಿಂತ ಮೊದಲು ನಿಮಗೇ ಹೇಳುತ್ತಿದ್ದೇನೆ. ಚಳಿಗಾಲಕ್ಕೆ ನಮ್ಮ ಮನೆಯಲ್ಲಿ ಇನ್ನೊಂದು ತೊಟ್ಟಿಲು ಕಟ್ಟಬೇಕು. ಈಗಲೇ ವಾಂತಿ, ಸಂಕಟ. ಹುಳಿಸಿದ ಕುದುರೆಹಾಲು ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎನಿಸುತ್ತದೆ. ಇಲ್ಲಿ ಅಂಗಡಿಯಲ್ಲಿ ಸಿಗುವುದು ಕುದುರೆಯ ಮುಖವನ್ನೇ ಕಂಡಿಲ್ಲ.

ಈಗ ಮುಖ್ಯವಾದ ಮಾತು. ಸೆಪ್ಟೆಂಬರಿನಲ್ಲಿ ಎರ್ಮೆಕ್ ಶಾಲೆಗೆ ಸೇರಬೇಕು. ಅವ್ವಾ, ಅವನನ್ನು ನನಗೆ ಕೊಡಿ.

ಸೊಸೆಯಾದವಳು ಇದನ್ನು ಕೇಳಬಾರದು ಎಂದು ಗೊತ್ತು. ಎದುರಿಗೆ ನಿಂತು ಕೇಳುವ ಎದೆ ಇಲ್ಲದ್ದರಿಂದಲೇ ಕಾಗದ ಹಿಡಿದಿದ್ದೇನೆ. ಮೊದಲ ಮಗು ಅಜ್ಜ ಅಜ್ಜಿಯ ಪಾಲು. ಬಾಣಂತಿತನ ಮುಗಿದ ಕೂಡಲೇ ನನ್ನ ಕೈಯಾರೆ ನಿಮ್ಮ ಮಡಿಲಿಗೆ ಹಾಕಿದೆ. ಅವನು ನಿಮ್ಮಿಬ್ಬರನ್ನು ಅವ್ವ, ಅಪ್ಪ ಎನ್ನುತ್ತಾನೆ, ನನ್ನನ್ನು ಅತ್ತಿಗೆ ಎನ್ನುತ್ತಾನೆ. ನಾನೂ 'ನನ್ನ ಪುಟ್ಟ ಮೈದುನ' ಎಂದು ಕರೆದು ಎಲ್ಲರ ಜೊತೆ ನಗುತ್ತೇನೆ. ಯಾವತ್ತಾದರೂ ಮುಖ ಸಣ್ಣ ಮಾಡಿದ್ದೇನೆಯೇ? ಫೆಬ್ರವರಿಯಲ್ಲಿ ನೀವು ಅವನನ್ನು ಇಲ್ಲಿಗೆ ಕರೆತಂದಾಗ, ಗಂಟಲು ನೋಡಿದ ಡಾಕ್ಟರು ಬೇಸಿಗೆಯವರೆಗೆ ಇಲ್ಲೇ ಇರಲಿ ಎಂದರು. 'ಗುಡ್ಡದ ಗಾಳಿ ತಾಗಿದ್ರೆ ಎಲ್ಲಾ ವಾಸಿಯಾಗುತ್ತೆ, ಸುಮ್ನಿರಮ್ಮ' ಎಂದು ನೀವು ಕರೆದುಕೊಂಡು ಹೊರಟಿರಿ. ಆಗಲೂ ನಾನು ತುಟಿ ಪಿಟಕ್ಕೆನ್ನಲಿಲ್ಲ.

ಶಾಲೆಯ ತಿಂಗಳುಗಳಲ್ಲಿ ಮಾತ್ರ ನನ್ನ ಹತ್ತಿರ ಇರಲಿ. ರಜೆ ಬಂದರೆ ನಿಮ್ಮ ಮಗ. ನನ್ನನ್ನು ಅತ್ತಿಗೆ ಎಂದೇ ಕರೆಯಲಿ, ಬೇಡ ಎನ್ನುವುದಿಲ್ಲ.

ಕೊನೆಗೊಂದು ತಮಾಷೆ. ನಮ್ಮ ಕಾರ್ಖಾನೆಯ ಸಂಘದವರು ಜುಲೈನಲ್ಲಿ ಒಂದು ದಿನದ ಮಟ್ಟಿಗೆ ಹುಲ್ಲುಗಾವಲಿಗೆ ಪ್ರವಾಸ ಹೊರಡಿಸುತ್ತಿದ್ದಾರೆ. ಯಾರ ಗುಡಾರಕ್ಕೆ ಅಂತೀರಿ? ನಿಮ್ಮ ಫಾರ್ಮಿನ ಅಧ್ಯಕ್ಷರು ನಮ್ಮದನ್ನೇ ತೋರಿಸಿದ್ದಾರೆ!

ನಿಮ್ಮ ಉತ್ತರಕ್ಕೆ ಕಾದಿರುವ,
ಕನಿಪಾ

*

ಸರಿಬುಲಾಕ್ ಹುಲ್ಲುಗಾವಲು
ಜೂನ್ 9, 1979

ಭಾವನವರಿಗೆ,

ಬಾಲ್ಜಿಯಾ ಮಾಡುವ ಸಲಾಂ. ನಿಮ್ಮ ತಮ್ಮ ಕುರಿಗಳ ಜೊತೆ ಬೆಳಗ್ಗೆ ಹೋಗುತ್ತಾರೆ, ಸಂಜೆ ಬರುತ್ತಾರೆ. ಬಾಯಿಬಿಟ್ಟು ಒಂದು ಮಾತಿಲ್ಲ. ನಾಯಿಯನ್ನು ಗದರುವುದನ್ನೂ ಬಿಟ್ಟಿದ್ದಾರೆ.

ಇವತ್ತು ಅಂಗಡಿ ಲಾರಿಯವನು ಸೊಸೆಯ ಕಾಗದ ತಂದುಕೊಟ್ಟ. ಬರೆದಾಗ ಎರ್ಮೆಕ್ ಬದುಕಿದ್ದ. ಕೈಗೆ ಸಿಕ್ಕಾಗ ಅವನ ಗೋರಿಯ ಮಣ್ಣು ಕೂಡ ಆರಿರಲಿಲ್ಲ. 'ಹೊಳೆ ದಾಟುವಾಗ ಜೋಪಾನ' ಎಂದು ಬರೆದಿದ್ದಾಳೆ. ಹೊಳೆಯನ್ನೇನೋ ಜೋಪಾನವಾಗಿ ದಾಟಿದೆವು ಭಾವ. ಆಚೆ ದಡದಲ್ಲಿ ಬೀಡುಬಿಟ್ಟಾಗ ಅವನ ಗಂಟಲು ಕಟ್ಟಿತು, ಹಿಮ ಬಿದ್ದು ಹಿಂದಿನ ದಾರಿಯೂ ಮುಂದಿನ ದಾರಿಯೂ ಮುಚ್ಚಿಹೋಯಿತು. ಮುಂದಿನದೆಲ್ಲ ನಿಮಗೆ ಗೊತ್ತು. ದಾರಿ ತೆರೆದ ಕೂಡಲೇ ನೀವೇ ಬಂದು ಪ್ರಾರ್ಥನೆ ಓದಿದಿರಿ, ಮಣ್ಣು ಹಾಕಿದಿರಿ. ಹೊರಡುವಾಗ ಕುದುರೆಯ ಮೇಲಿಂದಲೇ ಅಪ್ಪಣೆ ಕೊಟ್ಟಿರಿ: "ನಗರಕ್ಕೆ ಯಾರೂ ಏನೂ ಬರೀಬೇಡಿ. ಹೇಳೋದು ಹಿರಿಯರ ಕೆಲಸ, ನಾನ್ ಹೇಳ್ತೀನಿ."

ಯಾವಾಗ ಹೇಳುತ್ತೀರಿ? ಅವಳು ಮಗುವನ್ನು ತನಗೆ ಕೊಡಿ ಎಂದು ಕೇಳಿದ್ದಾಳೆ. ಶಾಲೆಗೆ ಸೇರಿಸುತ್ತಾಳಂತೆ. ನಾನು ಏನೆಂದು ಉತ್ತರ ಬರೆಯಲಿ? ಅವಳೀಗ ಬಸುರಿ ಬೇರೆ. ಮೇಲಾಗಿ ಜುಲೈನಲ್ಲಿ ಅವಳು ಬಸ್ಸು ತುಂಬ ಜನ ಕಟ್ಟಿಕೊಂಡು ಇಲ್ಲಿಗೇ ಬರುವವಳಿದ್ದಾಳೆ. ಅಷ್ಟರೊಳಗೆ ನೀವು ನಗರಕ್ಕೆ ಹೋಗಿ, ಅವಳ ಪಕ್ಕ ಕೂತು, ಹೇಗೆ ಹೇಳಬೇಕೋ ಹಾಗೆ ಹೇಳಿ ಬನ್ನಿ. ನಿಮ್ಮ ಮೊಣಕಾಲು ನೋವು ನನಗೂ ಗೊತ್ತಿದೆ. ನನ್ನ ನೋವು ಮೊಣಕಾಲಿನಲ್ಲಿಲ್ಲ.

ಇಂತಿ,
ಬಾಲ್ಜಿಯಾ

*

ಜೂನ್ 17, 1979

ಬಾಲ್ಜಿಯಾಗೆ ಜೂನಿಸ್ ಬರೆದದ್ದು.

ನಿನ್ನ ಕಾಗದದ ಧಾಟಿ ನನಗೆ ಹಿಡಿಸಲಿಲ್ಲ. ದುಃಖದಲ್ಲಿದ್ದೀಯೆಂದು ಬಿಟ್ಟಿದ್ದೇನೆ.

ಕೇಳು. ನಮ್ಮ ಏಳು ತಲೆಮಾರಿನಲ್ಲಿ ಯಾರೂ ಸಾವನ್ನು ಕಾಗದದಲ್ಲಿ ಕಳುಹಿಸಿದವರಿಲ್ಲ. ಯುದ್ಧದ ಕಾಲದಲ್ಲಿ ಸರಕಾರ ಕಳುಹಿಸುತ್ತಿತ್ತು. ಆಗಲೂ ನಮ್ಮ ಹಿರಿಯರು ಅಂಚೆಯವನ ಕೈಯಿಂದ ಕಾಗದ ಕಿತ್ತುಕೊಂಡು, ನಾಲ್ಕು ಜನ ಸೇರಿ ಆ ಮನೆಗೆ ಹೋಗಿ, ಮೊದಲು ಉಂಡು, ಆಮೇಲೆ ಸುತ್ತಿಬಳಸಿ ಮೆಲ್ಲಗೆ ಹೇಳುತ್ತಿದ್ದರು. ಒಂಟಿಯಾಗಿ ಓದಿದ ಸುದ್ದಿ ಮನುಷ್ಯರನ್ನು ಮುರಿದುಹಾಕುತ್ತದೆ. ನಿನಗೆ ಇದನ್ನು ನಾನು ಹೇಳಿಕೊಡಬೇಕೆ?

ಎರಡನೆಯದಾಗಿ, ಅವಳು ಬಸುರಿ. ಹೆತ್ತು ಎದ್ದು ಕೂರುವವರೆಗೆ ಅವಳ ಕಿವಿಗೆ ಬೀಳಕೂಡದು. ಆಗಸ್ಟಿನಲ್ಲಿ ತೊಲೆಗೆನ್ ತೈಲಬಾವಿಯಿಂದ ಬಂದಾಗ ಅವನಿಗೆ ನಾನು ಹೇಳುತ್ತೇನೆ. ಹೆಂಡತಿಗೆ ಹೆರಿಗೆಯ ನಂತರ. ಇದು ತೀರ್ಮಾನ.

ಅಲ್ಲಿಯವರೆಗೆ ಯಾವಾಗಿನಂತೆ ಬರೆಯುತ್ತಿರು. ಸುಳ್ಳು ಹೇಳಲು ಬಾರದಿದ್ದರೆ ಕುರಿಯ ವಿಷಯ ಬರೆ. ಹೊಟ್ಟೆಯಲ್ಲಿರುವುದರ ನೆಪ ಹೇಳಿ, ಈ ಪ್ರವಾಸಕ್ಕೆ ಬರಬೇಡ ಎಂದು ತಡೆ.

ಜೂನಿಸ್

*

ಸರಿಬುಲಾಕ್
ಜೂನ್ 24, 1979

ಕನಿಪಾ ಮಗಳೇ,

ನಿನ್ನ ಕಾಗದ ಬಂತು. ಹೊಟ್ಟೆಯಲ್ಲಿರುವುದಕ್ಕೆ ಆಯುಸ್ಸು ಗಟ್ಟಿಯಾಗಿರಲಿ. ಭಾರ ಎತ್ತಬೇಡ. ಸಂಕಟಕ್ಕೆ ಒಣಮೊಸರಿನ ಉಂಡೆ ಬಾಯಲ್ಲಿಟ್ಟುಕೋ. ಲಾರಿಯವನ ಕೈಲಿ ಒಂದು ಚೀಲ ಕಳಿಸುತ್ತಿದ್ದೇನೆ.

ಇಲ್ಲಿ ಹುಲ್ಲು ಚೆನ್ನಾಗಿ ಎದ್ದಿದೆ. ಬಿಳಿಗಾಲಿನ ಕುದುರೆ ಹೆಣ್ಣುಮರಿ ಹಾಕಿದೆ. ಉಣ್ಣೆ ಕತ್ತರಿಸುವವರು ಮುಂದಿನ ವಾರ ಬರುತ್ತಾರೆ. ಪಕ್ಕದ ಗುಡಾರದ ರಾಖಿಯಾಳ ಹಸು ತಾನೇ ಯಜಮಾನಿ ಎಂದುಕೊಂಡು ನಮ್ಮ ಹಿಟ್ಟಿನ ಚೀಲಕ್ಕೆ ಬಾಯಿ ಹಾಕಿತು. ರಾಖಿಯಾ ಹಸುವಿನ ಪರವಾಗಿ ನನ್ನ ಮೇಲೇ ಜಗಳಕ್ಕೆ ಬಂದಳು.

ಎರ್ಮೆಕ್ ಅವರಪ್ಪನ ಜೊತೆಯಲ್ಲೇ ಇರುತ್ತಾನೆ. ನನಗೆ ಅವನ ಮುಖ ಸಿಗುವುದೇ ಇಲ್ಲ.

ಶಾಲೆಯ ವಿಷಯ. ನೀನೇ ಕರೆದುಕೊಂಡು ಹೋಗು. ನೀನು ಕೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಮಗಳಾಗಿದ್ದರೂ ಕೇಳುತ್ತಿದ್ದಳು, ಅದೂ ಇನ್ನೂ ಮೊದಲೇ.

ಆದರೆ ಪ್ರವಾಸಕ್ಕೆ ಮಾತ್ರ ಬರಬೇಡಮ್ಮ. ಕಣಿವೆಯ ದಾರಿಯಲ್ಲಿ ಲಾರಿ ಕುಲುಕುವ ಕುಲುಕಿಗೆ ಗಂಡಸರ ಕರುಳೇ ಕೆಳಗಿಳಿಯುತ್ತದೆ. ಆ ಜನ ಬರಲಿ, ಉಪಚಾರಕ್ಕೆ ಕೊರತೆ ಮಾಡುವುದಿಲ್ಲ. ನೀನು ಮನೆಯಲ್ಲಿರು.

ನಿನ್ನ ಅತ್ತೆ,
ಬಾಲ್ಜಿಯಾ

*

ಅಲ್ಮಾ-ಅತಾ
ಜುಲೈ 3, 1979

ನನ್ನ ಅವ್ವನಿಗೆ,

ನಿಮ್ಮ ಕಾಗದ ಓದಿ ಕಾರ್ಖಾನೆಯ ಊಟದ ಮನೆಯಲ್ಲಿ ಎಲ್ಲರೆದುರು ಅತ್ತುಬಿಟ್ಟೆ. ಪಕ್ಕದ ಯಂತ್ರದವಳು ಗಾಬರಿಯಾಗಿ, "ಯಾರಾದ್ರೂ ಹೋಗ್ಬಿಟ್ರಾ?" ಎಂದಳು. "ಇಲ್ಲ ಕಣೇ, ಬರ್ತಿದಾನೆ!" ಎಂದೆ. ನೀವು ಕೊಡುವುದಿಲ್ಲ ಎಂದೇ ಅಂದುಕೊಂಡಿದ್ದೆ. ಬೈದು ಬರೆಯುತ್ತೀರಿ, ಆಗ ಇನ್ನೊಂದು ಕಾಗದದಲ್ಲಿ ಹೇಗೆ ಬೇಡಿಕೊಳ್ಳಬೇಕು ಎಂದೆಲ್ಲ ಯೋಚಿಸಿಟ್ಟಿದ್ದೆ. ನಿಮ್ಮ ಬಗ್ಗೆ ಮನಸ್ಸಿನಲ್ಲಿ ಅಂದುಕೊಂಡಿದ್ದಕ್ಕೆಲ್ಲ ಕ್ಷಮಿಸಿ.

ಶಾಲೆಗೆ ಹೋಗಿ ಹೆಸರು ಬರೆಸಿ ಬಂದೆ. ಮೇಷ್ಟ್ರಮ್ಮ, "ನೀವು ಹುಡುಗನಿಗೆ ಏನಾಗ್ಬೇಕು?" ಎಂದು ಕೇಳಿದರು. ಅವ್ವಾ, ಅತ್ತಿಗೆ ಎಂಬುದೇ ಮೊದಲು ನಾಲಿಗೆಯ ತುದಿಗೆ ಬಂತು ನೋಡಿ. ಕೊನೆಗೆ "ತಾಯಿ" ಎಂದೆ. ಯಾರೋ ಕೇಳಿಸಿಕೊಂಡುಬಿಟ್ಟರೇನೋ ಎಂಬಂತೆ ಆಚೀಚೆ ನೋಡಿದೆ.

ಕಿಟಕಿಯ ಪಕ್ಕ ಅವನಿಗೆ ಮಂಚ ಹಾಕಿದ್ದೇನೆ. ಅಲ್ಲಿಂದ ಗುಡ್ಡದ ನೆತ್ತಿ ಕಾಣುತ್ತದೆ. ರಾತ್ರಿ ನಿಮ್ಮನ್ನು ನೆನೆದು ಅತ್ತರೆ, ಅಗೋ ಅಲ್ಲಿದ್ದಾರೆ ಎಂದು ತೋರಿಸಬಹುದು.

ಪ್ರವಾಸಕ್ಕೆ ಬರಬೇಡ ಎಂದಿರಿ. ಬಾರದೆ ಇರುತ್ತೇನೆಯೇ? ಡಾಕ್ಟರು ಹೋಗಬಹುದು ಎಂದಿದ್ದಾರೆ. ಜುಲೈ 15, ಭಾನುವಾರ. ಬೆಳಗ್ಗೆ ಹೊರಟು ಮಧ್ಯಾಹ್ನದೊಳಗೆ ಅಲ್ಲಿರುತ್ತೇವೆ, ಐದಕ್ಕೆ ವಾಪಸ್ಸು. ಸಂಘದ ತಮಾರಾ ಪೆತ್ರೋವ್ನಾ ಕಾರ್ಯಕ್ರಮವನ್ನೇ ಬರೆದಿಟ್ಟಿದ್ದಾರೆ: ಸ್ವಾಗತ, ಕುದುರೆ ಸವಾರಿ, ಊಟ, ಹಾಡು, ಫೋಟೊ. "ನಿಮ್ಮ ಅತ್ತೆ ಹಾಡ್ತಾರಾ?" ಎಂದು ಕೇಳಿದರು. "ಹಾಡ್ತಾರೆ, ಆದ್ರೆ ಹೇಳಿದಾಗ ಹಾಡಲ್ಲ" ಎಂದಿದ್ದೇನೆ.

ಎರ್ಮೆಕ್‌ಗೆ ಶಾಲೆಯ ಅಂಗಿ ಚಡ್ಡಿ ಹೊಲಿದಿದ್ದೇನೆ. ಅಳತೆ ನೋಡಬೇಕು. ಆ ದಿನ ಅವನನ್ನು ಕುರಿ ಹಿಂದೆ ಕಳಿಸಬೇಡಿ.

ನಿಮ್ಮ,
ಕನಿಪಾ

*

ಸರಿಬುಲಾಕ್
ಜುಲೈ 8, 1979

ಭಾವನವರಿಗೆ,

ಅವಳು ಬರುತ್ತಿದ್ದಾಳೆ. ತಡೆದೆ, ನಿಲ್ಲಲಿಲ್ಲ. ಶಾಲೆಗೆ ಕರೆದುಕೊಂಡು ಹೋಗು ಎಂದು ಬರೆದದ್ದು ನನ್ನದೇ ತಪ್ಪು. ಬದುಕಿದ್ದಾಗ ಬಿಗಿಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಸತ್ತ ಮೇಲೆ ಧಾರಾಳವಾಗಿ ಕೊಟ್ಟುಬಿಟ್ಟೆ. ಅವಳು ಅದಕ್ಕೆ ನನ್ನ ಕಾಲಿಗೆ ಬೀಳುವಂತೆ ಬರೆದಿದ್ದಾಳೆ. ಓದುತ್ತಾ ಓದುತ್ತಾ ನನ್ನ ಕೈ ಕಡಿದುಹಾಕಬೇಕು ಎನಿಸಿತು.

ಭಾನುವಾರದ ಮೊದಲು ಬನ್ನಿ. ಶನಿವಾರವೇ ಕೆಳಗಿಳಿದು, ಅವರು ಬಸ್ಸಿಳಿದು ಲಾರಿ ಹತ್ತುವ ಸೇತುವೆಯ ಹತ್ತಿರ ಅವಳನ್ನು ನಿಲ್ಲಿಸಿ ಹೇಳೋಣ. ನಾನೂ ಬರುತ್ತೇನೆ. ನಿಮ್ಮ ದಮ್ಮಯ್ಯ.

ಬಾಲ್ಜಿಯಾ

*

ಜುಲೈ 12, 1979

ಬಾಲ್ಜಿಯಾಗೆ,

ಸೇತುವೆಯ ಮೇಲೆ ನಿಲ್ಲಿಸಿ ಸಾವಿನ ಸುದ್ದಿ ಹೇಳಲು ಅವಳೇನು ದಾರಿಹೋಕಳೇ? ಬಸುರಿಯ ವಿಷಯದಲ್ಲಿ ನನ್ನ ಮಾತು ಬದಲಾಗುವುದಿಲ್ಲ. ಫಾರ್ಮಿನ ಅಧ್ಯಕ್ಷರು ನನ್ನನ್ನು ಕರೆಸಿ, ನಗರದ ಅತಿಥಿಗಳ ಎದುರು ಯಾವ ಗೋಳಾಟವೂ ಇರಕೂಡದು ಎಂದರು. ಅವರು ಹೇಳದಿದ್ದರೂ ನಮ್ಮ ಮನೆಯಲ್ಲಿ ಅತಿಥಿಯ ಮುಂದೆ ಕಣ್ಣೀರು ಹಾಕುವ ರೂಢಿಯಿಲ್ಲ.

ತಮ್ಮನನ್ನು ಆ ದಿನ ಆಚೆ ಕಣಿವೆಗೆ ಕಳಿಸಿಬಿಡು. ಹುಡುಗ ಅವನ ಜೊತೆ ಹೋಗಿದ್ದಾನೆ, ತಪ್ಪಿಸಿಕೊಂಡ ಕುದುರೆ ಹುಡುಕುತ್ತಿದ್ದಾರೆ ಎಂದು ಹೇಳು. ಸುತ್ತಲಿನ ಗುಡಾರದವರಿಗೆಲ್ಲ ಎಚ್ಚರಿಕೆ ಕೊಡು. ಒಂದು ದಿನದ ಮಾತು. ನಾನೇ ಬಂದು ಹಿರಿಯರ ಜಾಗದಲ್ಲಿ ಕೂತಿರುತ್ತೇನೆ. ಎಲ್ಲ ನಾನು ನೋಡಿಕೊಳ್ಳುತ್ತೇನೆ.

ಜೂನಿಸ್

*

ಅಲ್ಮಾ-ಅತಾ
ಜುಲೈ 18, 1979

ಅವ್ವಾ,

ಈ ಕಾಗದಕ್ಕೆ ಸಲಾಂ ಇಲ್ಲ. ಕುರಿಗಳು ಹೇಗಿವೆ ಎಂದೂ ಕೇಳುವುದಿಲ್ಲ.

ಲಾರಿಯಿಂದ ಇಳಿದಾಗಲೇ ನನಗೆ ಏನೋ ಸರಿಯಿಲ್ಲ ಎನಿಸಿತು. ನಾನು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಒಂದು ಸಲವಾದರೂ ಹೊಸಿಲು ದಾಟುವ ಮೊದಲು ಕೈಗೆ ಬಿಂದಿಗೆ ಬಾರದೆ ಇದ್ದದ್ದಿಲ್ಲ. "ಬಂದ್ಯಾ ತಾಯಿ, ನೀರು ಮುಗಿದಿದೆ" ಎನ್ನುವುದೇ ನಿಮ್ಮ ಸ್ವಾಗತ. ಆ ದಿನ ನಾನು ಬಿಂದಿಗೆಗೆ ಕೈ ಹಾಕಿದರೆ ರಾಖಿಯಾ ಕಿತ್ತುಕೊಂಡಳು.

"ಬಿಡೇ, ನಾನ್ ತರ್ತೀನಿ. ನೀನ್ ಕೂತ್ಕೋ."

"ಯಾಕೇ, ನಿನ್ನ ಹಸುಗೆ ಹುಷಾರಿಲ್ವಾ? ಇಷ್ಟು ಒಳ್ಳೆಯವಳು ಯಾವಾಗಾದೆ?" ಎಂದೆ.

ಅವಳು ನಗಲಿಲ್ಲ ಅವ್ವಾ. ಬಾಯಿಗೆ ಬಂದದ್ದು ಅನ್ನದೆ ಒಂದು ದಿನ ಕಳೆಯದ ರಾಖಿಯಾ ನನ್ನ ಹೊಟ್ಟೆಯನ್ನು ನೋಡಿಯೂ ಒಂದು ಪೋಲಿ ಮಾತಾಡಲಿಲ್ಲ. ತಲೆ ತಗ್ಗಿಸಿಕೊಂಡು ಹೋದಳು.

ಎರ್ಮೆಕ್ ಎಲ್ಲಿ ಎಂದು ಕೇಳಿದೆ. "ಅವರಪ್ಪನ ಜೊತೆ ಹೋಗಿದಾನೆ, ಕುದುರೆ ತಪ್ಪಿಸ್ಕೊಂಡಿದೆ" ಎಂದಿರಿ. ಅದನ್ನೇ ಇನ್ನೊಂದು ಗುಡಾರದ ಮುದುಕಿ ಹೇಳಿದಳು. ಅದನ್ನೇ ಹಾಲು ಕರೆಯುವ ಹುಡುಗಿ ಕೇಳದೆಯೇ ಹೇಳಿದಳು. ಸಿಟ್ಟು ಬಂತು. ನಾನು ಬರುವ ದಿನವೇ ಅವನನ್ನು ಕಳಿಸಿದ್ದಾರೆ, ಕೊಡುತ್ತೇನೆ ಎಂದದ್ದು ಬಾಯಿಮಾತು, ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ಅದಕ್ಕೇ ಹಟ ಹಿಡಿದವಳಂತೆ ಹೊಲಿದ ಬಟ್ಟೆ ತಂದು ನಿಮ್ಮ ಮುಂದೆ ಹಿಡಿದೆ.

"ಅಳತೆ ಸರಿಹೋಗುತ್ತಾ ಅವ್ವಾ?"

"ಸರಿಹೋಗುತ್ತೆ."

"ಸರಿಯಾಗಿ ನೋಡಿ ಹೇಳಿ. ಬೆಳೆದಿರಬೇಕು."

"ಸರಿಹೋಗುತ್ತೆ ಕಣಮ್ಮಾ," ಎಂದು ಬಟ್ಟೆಯನ್ನು ಎರಡು ಕೈಯಲ್ಲೂ ತೆಗೆದುಕೊಂಡಿರಿ. ತೆರೆದು ನೋಡಲಿಲ್ಲ.

ಹೊರಗೆ ನಮ್ಮ ಕಾರ್ಖಾನೆಯವರು ಒಬ್ಬರಾದ ಮೇಲೊಬ್ಬರು ಕುದುರೆ ಹತ್ತಿ ಕೂಗಾಡುತ್ತಿದ್ದರು. ತಮಾರಾ ಪೆತ್ರೋವ್ನಾ ಕುದುರೆಯ ಮೇಲೆ ಕೂತು, "ಇದು ನಿಲ್ಲೋದು ಹೇಗೆ? ಯಾರಾದ್ರೂ ಹೇಳ್ರಪ್ಪಾ!" ಎಂದು ಅರಚುತ್ತಾ ಗುಡಾರವನ್ನು ಸುತ್ತು ಹಾಕಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಇನ್ನೂ ನನಗೆ ಗೊತ್ತಿರಲಿಲ್ಲ.

ಊಟಕ್ಕೆ ಕೂತೆವು. ಸೊಸೆಯ ಜಾಗ ಬಾಗಿಲ ಹತ್ತಿರ, ಚಹಾದ ಪಾತ್ರೆಯ ಪಕ್ಕ. ನೀವು ನನ್ನನ್ನು ಕೈಹಿಡಿದು ಎಬ್ಬಿಸಿ ಮೇಲುಗಡೆ ನಿಮ್ಮ ಪಕ್ಕ ಕೂರಿಸಿಕೊಂಡಿರಿ. ಚಹಾ ನೀವೇ ಹುಯ್ದಿರಿ, ಅತಿಥಿಗಳಿಗಿಂತ ಮೊದಲು ನನಗೆ. ನಮ್ಮ ಕಡೆ ಯಾರೂ ಸೊಸೆಗೆ ಕಾರಣವಿಲ್ಲದೆ ಇಷ್ಟು ಮರ್ಯಾದೆ ಮಾಡುವುದಿಲ್ಲ.

ಆಮೇಲೆ ಕುರಿಯ ತಲೆ ಬಂತು. ಹಿರಿಯರ ಜಾಗದಲ್ಲಿ ಕೂತಿದ್ದ ದೊಡ್ಡಮಾವನವರ ಮುಂದಿಟ್ಟರು. ಅವರು ಚಾಕು ತೆಗೆದು, ಕೆನ್ನೆಯ ಮಾಂಸ ಕೊಯ್ದು ತಮಾರಾಗೆ ಕೊಟ್ಟು, ನಮ್ಮ ಪದ್ಧತಿಯನ್ನು ಗಂಭೀರವಾಗಿ ವಿವರಿಸುತ್ತಿದ್ದರು. ಹಾಗೆ ಮಾತಾಡುತ್ತಲೇ ಬಲಗಿವಿಯನ್ನು ಕತ್ತರಿಸಿದರು. ಕತ್ತರಿಸಿ, ಬೆರಳಿನಲ್ಲಿ ಹಿಡಿದು, ಬಾಗಿಲ ಕಡೆ ತಿರುಗಿ ಬಾಯಿ ತೆರೆದರು.

ಎಷ್ಟು ವರ್ಷದಿಂದ ಕತ್ತರಿಸುತ್ತಿದ್ದಾರೆ, ಪಾಪ. ಕಿವಿ ಮನೆಯ ಕಿರಿಯ ಮಗುವಿನ ಪಾಲು. ಪ್ರತಿ ಸಲವೂ ಕತ್ತರಿಸಿ, "ಬಾರೋ ಎರ್ಮೆಕ್, ಕಿವಿ ತಿಂದು ಹಿರಿಯರ ಮಾತು ಕೇಳೋದನ್ನ ಕಲಿ" ಎಂದು ಕರೆಯುತ್ತಿದ್ದರು. ಅವನು ಎಲ್ಲಿದ್ದರೂ ಓಡಿಬಂದು ಎರಡು ಕೈ ಒಡ್ಡುತ್ತಿದ್ದ. ಅವರ ಕೈಗೆ ಅಭ್ಯಾಸ. ಎಲ್ಲರಿಗೂ ಎಚ್ಚರಿಕೆ ಕೊಟ್ಟಿರಬೇಕು, ತಮ್ಮ ಕೈಗೆ ಮಾತ್ರ ಕೊಡಲು ಮರೆತಿದ್ದರು.

"ಎರ್" ಎಂದರು. ಅಷ್ಟೇ. ಬಾಯಿ ತೆರೆದಂತೇ ನಿಂತಿತು. ಗುಡಾರದಲ್ಲಿ ನಮ್ಮವರೆಲ್ಲರ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿತು. ನಗರದವರು ಮಾತ್ರ ಉಣ್ಣುತ್ತಿದ್ದರು.

"ಇದು ಯಾರಿಗೆ ಅಜ್ಜಾ?" ಎಂದು ತಮಾರಾ ಕೇಳಿದರು.

ದೊಡ್ಡಮಾವನವರು ಸುತ್ತ ನೋಡಿದರು. ಆಮೇಲೆ ಬಾಗಿ ಕಿವಿಯನ್ನು ನನ್ನ ಬಟ್ಟಲಿಗೆ ಹಾಕಿ, "ಇದು... ಹೊಟ್ಟೇಲಿರೋದಕ್ಕೆ" ಎಂದರು.

ಅತಿಥಿಗಳು ಚಪ್ಪಾಳೆ ತಟ್ಟಿದರು ಅವ್ವಾ.

ಹುಡುಗ ಗುಡ್ಡದಾಚೆ ಹೋಗಿದ್ದರೆ ಅವನ ಕಿವಿಯನ್ನು ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯೊಳಗೆ ಇಡುತ್ತೀರಿ. ಕಳೆದ ವರ್ಷ ಅವನು ನನ್ನ ಬಳಿ ನಗರಕ್ಕೆ ಬಂದಿದ್ದಾಗ, ವಾಪಸ್ಸು ಹೋಗುವವರೆಗೂ ಒಣಗಿಸಿ ಇಟ್ಟಿದ್ದಿರಿ. ಬದುಕಿರುವ ಮಗುವಿನ ಪಾಲನ್ನು ನಮ್ಮವರು ಇನ್ನೊಬ್ಬರಿಗೆ ಕೊಡುವುದಿಲ್ಲ. ನಾನು ನಿಮ್ಮ ಮುಖ ನೋಡಿದೆ. ನೀವು ಚಹಾದ ಪಾತ್ರೆ ನೋಡುತ್ತಿದ್ದಿರಿ. ನನಗೆ ತಿಳಿಯಿತು. ನನಗೆ ತಿಳಿಯಿತೆಂದು ನಿಮಗೂ ತಿಳಿಯಿತು.

ಕಿವಿಯನ್ನು ತಿಂದೆ. ಎಲ್ಲರೂ ನೋಡುತ್ತಿದ್ದರು, ತಿನ್ನದೆ ಏನು ಮಾಡಲಿ? ಅಗಿದು ಅಗಿದು ನುಂಗಿದೆ. ನಾನು ಕಿರುಚಬಹುದಿತ್ತು. ಯಾರೂ ಬಾಯಿಬಿಟ್ಟು ಹೇಳದ ಸಾವಿಗೆ ಸೊಸೆ ಮೊದಲು ಅಳುವಂತಿಲ್ಲ, ಅತಿಥಿಗಳೆದುರು ಮನೆಯ ಮಾನ ಕಳೆಯುವಂತಿಲ್ಲ ಎಂದು ನೀವೇ ಕಲಿಸಿದ್ದು. ಚೆನ್ನಾಗಿ ಕಲಿಸಿದ್ದೀರಿ. ತಮಾರಾ "ಸೊಸೆ ಹಾಡಲಿ!" ಎಂದಾಗ ಎದ್ದು ನಿಂತು ಹಾಡಿದೆ. ಎರಡು ಹಾಡು. ಫೋಟೊಗೆ ನಿಮ್ಮ ಪಕ್ಕ ನಿಂತೆ. ನಿಮ್ಮ ಕೈ ನನ್ನ ಬೆನ್ನ ಮೇಲಿತ್ತು. ತೆಗೆಯಿರಿ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಲಾರಿ ಗುಡ್ಡ ಇಳಿಯುವಾಗ ದೂರದ ದಿಬ್ಬದ ಮೇಲೆ ಅಪ್ಪನವರನ್ನು ಕಂಡೆ. ಕುದುರೆ ಪಕ್ಕ ಒಬ್ಬರೇ ಕೂತಿದ್ದರು. ನಮ್ಮ ಲಾರಿ ಕಂಡು ಟೋಪಿ ತೆಗೆದು ಮುಖ ಮುಚ್ಚಿಕೊಂಡರು. ಆ ಮನೆಯಲ್ಲಿ ಆ ದಿನ ನನಗೆ ಸುಳ್ಳು ಹೇಳದವರು ಅವರೊಬ್ಬರೇ.

ಮೂರು ದಿನವಾಯಿತು. ಕೆಲಸಕ್ಕೆ ಹೋಗುತ್ತಿದ್ದೇನೆ. ಇಲ್ಲಿ ಯಾರಿಗೂ ಹೇಳಿಲ್ಲ. ಏನೆಂದು ಹೇಳಲಿ? ನನಗೇ ಯಾರೂ ಹೇಳಿಲ್ಲವಲ್ಲ! ಹೇಗೆ ಹೋದ, ಯಾವಾಗ ಹೋದ, ಎಲ್ಲಿ ಮಲಗಿಸಿದ್ದೀರಿ, ಒಂದೂ ಗೊತ್ತಿಲ್ಲ. ಗಂಟಲೇ? ಗಂಟಲೇ ಇರಬೇಕು. ನಿಮ್ಮ ಜೂನ್ ತಿಂಗಳ ಕಾಗದವನ್ನು ಮತ್ತೆ ಓದಿದೆ. ರಾಖಿಯಾಳ ಹಸು ಹಿಟ್ಟು ತಿಂದದ್ದನ್ನು ಬರೆಯುವಾಗ ಅವನು ಮಣ್ಣಿನಲ್ಲಿದ್ದನೇ?

ದೊಡ್ಡಮಾವನವರು ಬರುವುದು ನನಗೆ ಬೇಡ. ಉಣಿಸಿ, ಸುತ್ತಿಬಳಸಿ ಹೇಳುವುದು ಬೇಡ. ನೀವು ಬರೆಯಿರಿ. ಕಾಗದದಲ್ಲಿ, ನಿಮ್ಮ ಕೈಯಲ್ಲೇ. ಇನ್ನೊಂದನ್ನೂ ಬರೆಯಿರಿ. ವರ್ಷದ ದಿನ ಎಲ್ಲರೂ ಸೇರಿದಾಗ, ನೀವು ತಾಯಿಯಾಗಿ ಕೂತು ಅವನ ಹೆಸರು ಹಿಡಿದು ಹಾಡಿ ಅಳುತ್ತೀರಿ. ನಾನು ಯಾರಾಗಿ ಅಳಬೇಕು? ಅತ್ತಿಗೆಯಾಗಿಯೇ? ಹಾಗಾದರೆ ನಾನು ಬರುವುದಿಲ್ಲ. ಯಾವತ್ತೂ ಬರುವುದಿಲ್ಲ.

ಕನಿಪಾ

*

ಸರಿಬುಲಾಕ್
ಜುಲೈ 26, 1979

ಭಾವನವರಿಗೆ,

ಸೊಸೆಯ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ತಮ್ಮನಿಗೆ ಓದಿ ಹೇಳಿದೆ. ಇಷ್ಟು ದಿನಕ್ಕೆ ಮೊದಲ ಸಲ ಬಾಯಿಬಿಟ್ಟು, "ಬರೀ" ಎಂದರು. ನಾನು ಬರೆಯುತ್ತೇನೆ. ಏಳು ತಲೆಮಾರಿನವರು ನನ್ನನ್ನು ಏನು ಬೇಕಾದರೂ ಅನ್ನಲಿ. ತೊಲೆಗೆನ್‌ಗೆ ನೀವು ಹೇಳಿ. ಅದನ್ನಾದರೂ ತಡಮಾಡಬೇಡಿ.

ಬಾಲ್ಜಿಯಾ

*

ಸರಿಬುಲಾಕ್
ಜುಲೈ 26, 1979

ಕನಿಪಾ,

ಇದನ್ನು ಒಬ್ಬಳೇ ಓದಬೇಡ. ಪಕ್ಕದ ಯಂತ್ರದವಳನ್ನು ಕರೆದು ಹತ್ತಿರ ಕೂರಿಸಿಕೋ. ಕೂತಳೇ? ಈಗ ಓದು.

ನಿನ್ನ ಮಗ ಎರ್ಮೆಕ್ ತೀರಿಕೊಂಡ.

ಮೇ ತಿಂಗಳ ಕೊನೆಯಲ್ಲಿ, ಗುಡ್ಡ ಹತ್ತುವ ದಾರಿಯಲ್ಲಿ. ಹೊಳೆ ದಾಟಿದ ದಿನ ಚೆನ್ನಾಗಿಯೇ ಇದ್ದ. ಒಂಟೆಯ ಮೇಲೆ ಕೂತು, ತಾನೇ ಇಡೀ ಮಂದೆಯನ್ನು ನಡೆಸುತ್ತಿರುವವನಂತೆ ಎಲ್ಲರನ್ನೂ ಗದರುತ್ತಿದ್ದ. ಸಂಜೆ ಜ್ವರ ಬಂತು. ಬೆಳಗಾಗುವಷ್ಟರಲ್ಲಿ ಗಂಟಲು ಊದಿಕೊಂಡು ಉಗುಳೂ ಇಳಿಯಲಿಲ್ಲ. ಹೌದು, ಗಂಟಲೇ. ಡಾಕ್ಟರು ಇರಲಿ ಎಂದಿದ್ದರು, ನೀನೂ ಇರಲಿ ಎಂದು ಕಣ್ಣಲ್ಲೇ ಕೇಳಿದ್ದೆ, ನಾನು ಕರೆದುಕೊಂಡು ಬಂದೆ. ನನ್ನದು ತಿಳಿವಳಿಕೆಯಿಲ್ಲದೆ ಮಾಡಿದ್ದಲ್ಲ. ನಗರದಲ್ಲಿ ಬೇಸಿಗೆಯವರೆಗೆ ಬಿಟ್ಟರೆ ಅವನು ನಿನ್ನವನಾಗಿಬಿಡುತ್ತಾನೆ ಎಂಬ ಹೆದರಿಕೆಗೆ ಮಾಡಿದ್ದು. ಇದನ್ನು ನಾನು ಇನ್ನೂ ಯಾರಿಗೂ ಹೇಳಿಲ್ಲ.

ನಿನ್ನ ಮಾವ ಹಿಮದಲ್ಲಿ ಡಾಕ್ಟರನ್ನು ಕರೆತರಲು ಹೊರಟರು. ಕುದುರೆ ಎದೆಮಟ್ಟ ಹೂತು, ವಾಪಸ್ಸು ಬಂದರು. ಮತ್ತೆ ಹೊರಟರು, ಮತ್ತೆ ಬಂದರು. ಆಮೇಲಿನಿಂದ ಅವರಿಗೆ ಮಾತಿಲ್ಲ.

ಹೊಳೆಯ ಆಚೆ ದಡದಲ್ಲಿ, ನಮ್ಮ ಹಿರಿಯರು ಮಲಗಿರುವ ದಿಬ್ಬದ ಮೇಲೆ ಇಟ್ಟಿದ್ದೇವೆ. ಒಳ್ಳೆಯ ಜಾಗ. ನೀನು ಹೊಲಿದ ಬಟ್ಟೆಯನ್ನು ನೀನು ಹೋದ ಮೇಲೆ ತೆರೆದು ನೋಡಿದೆ. ತೋಳು ಸ್ವಲ್ಪ ಉದ್ದವಿದೆ. ಬೆಳೆಯುವ ಮಗುವಿಗೆ ಹಾಗೇ ಹೊಲಿಯಬೇಕು.

ವರ್ಷದ ದಿನ ನೀನು ಬಾ. ತಾಯಿಯ ಜಾಗದಲ್ಲಿ ನೀನು ಕೂರು. ಹಾಡು ಎತ್ತಿಕೊಳ್ಳುವವಳು ನೀನು. ಯಾರಾದರೂ ಕೊಂಕು ನುಡಿದರೆ ಅವರಿಗೆ ನನ್ನ ಬಾಯಿ ಗೊತ್ತಿದೆ. ನಾನು ನಿನ್ನ ಕೆಳಗಿನ ಜಾಗದಲ್ಲಿ, ಶೋಕಕ್ಕೆ ಕೂರುವ ಹೆಂಗಸರಂತೆ ಸೊಂಟದ ಮೇಲೆ ಕೈಯಿಟ್ಟು ಕೂರುತ್ತೇನೆ. ಹೊಟ್ಟೆಯಲ್ಲಿರುವುದರ ಮೇಲೆ ನನಗೆ ಯಾವ ಹಕ್ಕೂ ಇಲ್ಲ. ಅದು ಯಾರನ್ನು ಏನೆಂದು ಕರೆಯಬೇಕೆಂದು ನೀನೇ ಹೇಳಿಕೊಡು.

ಇನ್ನೊಂದು ಮಾತು ಉಳಿದಿದೆ. ಕೊನೆಯಲ್ಲಿ ಅವನು ನಿನ್ನನ್ನು ಕರೆದ ಎಂದು ಬರೆದರೆ ನಿನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. ಈಚೆಗೆ ನಿನಗೆ ಸುಳ್ಳು ಬರೆದು ನನ್ನ ಕೈ ಪಳಗಿದೆ. ಆದರೂ ಬರೆಯಲಾರೆ. ಅವನು ನಿನ್ನನ್ನು ಕರೆಯಲಿಲ್ಲ ಕನಿಪಾ. "ಅವ್ವಾ, ಎಲ್ಲಿದೀಯ?" ಎಂದ. ಕಣ್ಣು ತೆರೆದೇ ಇತ್ತು, ಕಾಣುತ್ತಿರಲಿಲ್ಲ. "ಇಲ್ಲೇ ಇದೀನಿ ಕಂದಾ, ಅವ್ವ ಇಲ್ಲೇ ಇದೀನಿ" ಎಂದೆ. ಅಷ್ಟು ಕೇಳಿಸಿಕೊಂಡು ಹೋದ.

ಜಾಗ ಬಿಟ್ಟುಕೊಡಬಲ್ಲೆ, ಹಾಡು ಬಿಟ್ಟುಕೊಡಬಲ್ಲೆ. ಇದೊಂದನ್ನು ಹೇಗೆ ಹಿಂದಕ್ಕೆ ಕೊಡಲಿ, ನನಗೆ ತಿಳಿಯುತ್ತಿಲ್ಲ.

ಎರ್ಮೆಕ್‌ನ ಅಜ್ಜಿ,
ಬಾಲ್ಜಿಯಾ